ಕೊಡೈಕನಾಲ್ ರ‍್ಯಾಪ್: ಒಂದು ಹಾಡು ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು

2015ರ ಜುಲೈ 30ರಂದು ಯೂಟ್ಯೂಬಿಗೆ ಒಂದು ರ‍್ಯಾಪ್ ವಿಡಿಯೊ ಬಂತು. ಪೂರ್ತಿ ಮೂರು ನಿಮಿಷವೂ ಇಲ್ಲ. ಹಾಡಿದವರು ಚೆನ್ನೈನ ಸೋಫಿಯಾ ಅಶ್ರಫ್. ನಿರ್ದೇಶಕ ರತೀಂದ್ರನ್ ಪ್ರಸಾದ್. ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ವಿಷಯ ಇಟ್ಟುಕೊಂಡು ಯೂನಿಲೀವರ್ ಕಂಪನಿಯನ್ನು ಹೆಸರು ಹಿಡಿದು ಕೇಳುವ ಹಾಡು ಅದು. ಏಳು ತಿಂಗಳ ಮೇಲೆ, 2016ರ ಮಾರ್ಚ್‌ನಲ್ಲಿ, ಯೂನಿಲೀವರಿನ ಭಾರತದ ಕಂಪನಿ ಹಿಂದೂಸ್ತಾನ್ ಯೂನಿಲೀವರ್ ಆ ಕಾರ್ಖಾನೆಯ 591 ಮಂದಿ ಮಾಜಿ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಬಂತು.

ಈ ಎರಡು ಸಂಗತಿ ಪಕ್ಕಪಕ್ಕ ಇಟ್ಟು, ನೋಡಿ, ರ‍್ಯಾಪ್ ಮಾಡಿದ್ರೆ ನ್ಯಾಯ ಸಿಗುತ್ತೆ ಅನ್ನುವವರು ತುಂಬಾ ಜನ ಇದ್ದಾರೆ. ಹಾಡು ಕೆಲಸ ಮಾಡಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಹಿಂದೆ ಏನೇನಿತ್ತು, ಹಾಡು ಯಾರ ಕಿವಿಗೆ ಬಿತ್ತು, ಯಾವ ವಿಷಯದಲ್ಲಿ ಅದರ ಕೈ ಸಾಗಲಿಲ್ಲ ಅನ್ನೋದನ್ನೆಲ್ಲ ಬಿಟ್ಟು ಹೇಳಿದರೆ, ಇವತ್ತು ತಮ್ಮ ಊರಿನ ಕೆರೆ ಬಗ್ಗೆಯೋ ಕೂಲಿ ಬಗ್ಗೆಯೋ ಕನ್ನಡದಲ್ಲಿ ರ‍್ಯಾಪ್ ಬರೀಬೇಕು ಅಂತ ಕೂತಿರೋ ಹುಡುಗ ಹುಡುಗಿಯರಿಗೆ ಇದರಿಂದ ಏನೂ ಸಿಗೋದಿಲ್ಲ. ಅದಕ್ಕೆ ಪೂರ್ತಿ ಕಥೆ ಹೇಳ್ತೀನಿ.

ಮೊದಲು ಕಾರ್ಖಾನೆ

ಕೊಡೈಕನಾಲ್ ಅಂದರೆ ನಮಗೆ ಕೆರೆ, ಮಂಜು, ಬೇಸಿಗೆ ರಜೆ. ಪಳನಿ ಬೆಟ್ಟಗಳ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿಗೆ 1980ರ ದಶಕದ ಮೊದಲಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಿಂದ ಒಂದು ಥರ್ಮಾಮೀಟರ್ ಕಾರ್ಖಾನೆಯನ್ನೇ ಎತ್ತಿಕೊಂಡು ಬಂದರು. ಆಗ ಅದು ಚೀಸ್‌ಬ್ರೋ ಪಾಂಡ್ಸ್ ಕಂಪನಿಯದು. ಆ ಕಂಪನಿಯನ್ನು 1987ರಲ್ಲಿ ಯೂನಿಲೀವರ್ ಕೊಂಡಿತು, ಕಾರ್ಖಾನೆ ಕೊನೆಗೆ ಹಿಂದೂಸ್ತಾನ್ ಲೀವರ್ (ಈಗಿನ ಹಿಂದೂಸ್ತಾನ್ ಯೂನಿಲೀವರ್) ಕೈಗೆ ಬಂತು. ಪಾದರಸವೂ ಹೊರದೇಶದಿಂದ ಬರಬೇಕು, ತಯಾರಾದ ಥರ್ಮಾಮೀಟರ್ ಹೆಚ್ಚಾಗಿ ಹೊರದೇಶಕ್ಕೇ ಹೋಗಬೇಕು. ನಡುವಿನ ಕೆಲಸ ಮಾತ್ರ ಇಲ್ಲಿ.

ಆ ಕೆಲಸ ಎಂಥದ್ದು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಜ್ವರದ ಥರ್ಮಾಮೀಟರಿನಲ್ಲಿ ಇರೋದು ಒಂದು ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪಾದರಸ. ಮನೆಯಲ್ಲಿ ಒಂದು ಒಡೆದರೆ ಏನಾಗುತ್ತೆ ಅಂತ ನೋಡಿದವರಿಗೆ ಗೊತ್ತು. ಬೆಳ್ಳಿ ಬಣ್ಣದ ಹನಿ ನೆಲಕ್ಕೆ ಬಿದ್ದ ಕೂಡಲೇ ಹತ್ತಾರು ಮಣಿಯಾಗಿ ಓಡುತ್ತೆ, ಬೆರಳಿಗೆ ಸಿಗಲ್ಲ, ಟೈಲ್ಸ್ ಸಂದಿಗೆ ಸೇರಿಕೊಳ್ಳುತ್ತೆ. ಅಲ್ಲೇ ಕೂತು, ಮನೆಯ ಸಾಧಾರಣ ಬಿಸಿಗೇ, ಆವಿಯಾಗುತ್ತಾ ಇರುತ್ತೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ನರಗಳಿಗೆ, ಕಿಡ್ನಿಗೆ ಪೆಟ್ಟು ಕೊಡುತ್ತೆ. ಇಂಥ ಥರ್ಮಾಮೀಟರುಗಳನ್ನು ಲಕ್ಷಗಟ್ಟಲೆ ತಯಾರಿಸುವ, ದಿನಾ ಗಾಜು ಒಡೆಯುವ ಜಾಗದಲ್ಲಿ ಎಂಟು ಗಂಟೆ ಕೂತು ಕೆಲಸ ಮಾಡುವವರ ಪಾಡು ಏನಿರಬಹುದು ಅಂತ ಯೋಚನೆ ಮಾಡಿ. ಪಾದರಸ ಅಂದರೆ ಏನು, ಅದರಿಂದ ಏನಾಗುತ್ತೆ ಅಂತ ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ, ಸರಿಯಾದ ರಕ್ಷಣೆಯೂ ಇರಲಿಲ್ಲ ಅನ್ನೋದು ಕಾರ್ಮಿಕರ ದೂರು. ಕಂಪನಿ ಇದನ್ನು ಒಪ್ಪಿಲ್ಲ. ಕಾರ್ಖಾನೆಯಲ್ಲಿ ಸುರಕ್ಷತೆ ಇತ್ತು, ಕಾರ್ಮಿಕರ ಕಾಯಿಲೆಗಳಿಗೆ ಅಲ್ಲಿನ ಕೆಲಸ ಕಾರಣ ಅಂತ ಯಾವ ತಜ್ಞರ ಪರೀಕ್ಷೆಯಲ್ಲೂ ಕಂಡುಬಂದಿಲ್ಲ ಅನ್ನೋದು ಅವರ ವಾದ.

2001ರ ಮಾರ್ಚ್‌ನಲ್ಲಿ ವಿಷಯ ಹೊರಬಿತ್ತು. ಊರಿನ ಮುಂಜಿಕ್ಕಲ್ ಅನ್ನುವ ಜಾಗದ ಗುಜರಿ ಅಂಗಡಿಯಲ್ಲಿ, ಜನ ಓಡಾಡೋ ಕಡೆಯಲ್ಲೇ, ಪಾದರಸ ಮೆತ್ತಿದ ಒಡಕು ಗಾಜಿನ ರಾಶಿ ಸಿಕ್ಕಿತು. ಟನ್‌ಗಟ್ಟಲೆ. ಊರಿನವರು ಮತ್ತು ಪರಿಸರ ಸಂಘಟನೆ ಗ್ರೀನ್‌ಪೀಸ್ ಸೇರಿ ಅದನ್ನು ಬಯಲಿಗೆ ಎಳೆದರು, ಮೆರವಣಿಗೆ ಹೋದರು, ಅದೇ ತಿಂಗಳು ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸದ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸ್ ಕಳಿಸಿದರು. ಬಡ ದೇಶದಿಂದ ಶ್ರೀಮಂತ ದೇಶಕ್ಕೆ ವಿಷದ ಕಸ ಹಿಂದಕ್ಕೆ ಹೋಗೋದು ಬಹಳ ಅಪರೂಪ. ಅದನ್ನು ಸಾಧಿಸಿದ್ದು ಜನ. ಆಗ ರ‍್ಯಾಪ್ ಇರಲಿಲ್ಲ, ವೈರಲ್ ವಿಡಿಯೊ ಇರಲಿಲ್ಲ, ಯೂಟ್ಯೂಬೇ ಇರಲಿಲ್ಲ.

ಉಳಿದದ್ದು ಎರಡು. ಕಾರ್ಖಾನೆಯ ಅಂಗಳದ ಮಣ್ಣು, ಮತ್ತು ಕಾರ್ಮಿಕರ ಮೈ. ಕಾರ್ಖಾನೆಯ ಬೆನ್ನಿಗೇ ಪಾಂಬಾರ್ ಶೋಲಾ ಕಾಡಿದೆ. ಮಳೆ ಬಂದರೆ ನೀರು ಇಳಿಯೋದು ಆ ಕಡೆಗೆ. ಕಾರ್ಮಿಕರು ಸಂಘ ಕಟ್ಟಿಕೊಂಡು 2006ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು. 2011ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ಕಡೆಯಿಂದ ಬಂದ ವರದಿ, ಪಾದರಸದಿಂದ ಕಾರ್ಮಿಕರಿಗಷ್ಟೇ ಅಲ್ಲ, ಅವರ ಮಕ್ಕಳಿಗೂ ತೊಂದರೆಯಾಗಿದೆ ಅಂತ ಹೇಳಿತು. ಅಷ್ಟಾದರೂ ಕೇಸು ಮುಗಿಯಲಿಲ್ಲ. ದೆಹಲಿ ಮುಂಬೈನ ದೊಡ್ಡ ಚಾನೆಲ್‌ಗಳಿಗೆ ಇದು ಹಳೇ ಸುದ್ದಿ. ಪ್ರತಿ ವರ್ಷ ಒಂದು ಪ್ರತಿಭಟನೆ, ಒಂದು ಸಣ್ಣ ಸುದ್ದಿ, ಅಷ್ಟೇ.

ಹಾಡು ಕಟ್ಟಿದ್ದು ಹೇಗೆ

ಸೋಫಿಯಾ ಅಶ್ರಫ್‌ಗೆ ಇದು ಮೊದಲ ಸಲ ಅಲ್ಲ. 2008ರಲ್ಲೇ ಭೋಪಾಲ್ ಅನಿಲ ದುರಂತದ ವಿಷಯದಲ್ಲಿ ಡೌ ಕೆಮಿಕಲ್ ಕಂಪನಿ ವಿರುದ್ಧ ರ‍್ಯಾಪ್ ಮಾಡಿದ್ದರು, ಆ ಕಂಪನಿಗೆ ಕೆಲಸಕ್ಕೆ ಸೇರಬೇಡಿ ಅಂತ ಇಂಜಿನಿಯರಿಂಗ್ ಓದುವವರಿಗೆ ಹೇಳುವಂಥದ್ದು. ಆಮೇಲೆ ಜಾಹೀರಾತು ಸಂಸ್ಥೆಯಲ್ಲಿ ಕಾಪಿರೈಟರ್, ಅಂದರೆ ಜಾಹೀರಾತಿನ ಸಾಲು ಬರೆಯುವವರು, ಆಗಿದ್ದರು. ಈ ಹಿನ್ನೆಲೆ ಮುಖ್ಯ. ಸಾಬೂನು, ಕ್ರೀಮು ಮಾರುವ ಕಂಪನಿಗಳು ಎರಡು ಸಾಲಿನಲ್ಲಿ ನಮ್ಮ ತಲೆಯೊಳಗೆ ಹೇಗೆ ಮನೆ ಮಾಡ್ತವೆ ಅಂತ ಒಳಗಿನಿಂದ ನೋಡಿದವರು ಅವರು. ಅದೇ ಕಸುಬನ್ನು ತಿರುಗಿಸಿ ಹಿಡಿದರು.

ಅವರು ಹೊಸ ಟ್ಯೂನ್ ಮಾಡಲಿಲ್ಲ. ನಿಕಿ ಮಿನಾಜ್ ಅನ್ನುವ ಅಮೆರಿಕನ್ ರ‍್ಯಾಪರ್ 2014ರಲ್ಲಿ ಹಾಡಿ ಜಗತ್ತೆಲ್ಲ ಕುಣಿದಿದ್ದ ಅನಕಾಂಡ ಹಾಡಿನ ಬೀಟ್ ತಗೊಂಡರು. ಆ ಹಾಡಿನ ಹುಕ್, ಅಂದರೆ ಮತ್ತೆ ಮತ್ತೆ ಬರುವ ಸಾಲು, ನಿಂತಿರೋದು ಅ-ನ-ಕಾಂ-ಡ ಅನ್ನುವ ನಾಲ್ಕು ಪೆಟ್ಟಿನ ಮೇಲೆ, ಆಮೇಲೆ ಡೋಂಟ್ ಅಂತ ಒಂದು ಒತ್ತು. ಆ ಜಾಗಕ್ಕೆ ಕೊ-ಡೈ-ಕ-ನಾಲ್ ಇಟ್ಟು ವೋಂಟ್ ಅಂದರು. ನಾಲ್ಕಕ್ಕೆ ನಾಲ್ಕು, ಒಂದಕ್ಕೆ ಒಂದು. ಕೂತ ಹಾಗೆ ಕೂತುಬಿಟ್ಟಿತು. ಮೂಲ ಹಾಡು ಕೇಳಿದ್ದ ಯಾರಿಗಾದರೂ ಇದು ಒಂದೇ ಸಲಕ್ಕೆ ಬಾಯಿಪಾಠ. ಕೊಡೈಕನಾಲ್ ಎಲ್ಲಿದೆ ಅಂತ ಗೊತ್ತಿಲ್ಲದ ಬ್ರೆಜಿಲ್‌ನ ಹುಡುಗನ ಬಾಯಲ್ಲೂ ಆ ಊರಿನ ಹೆಸರು ನಿಲ್ಲುತ್ತೆ.

ನಮ್ಮಲ್ಲಿ ಇದು ಹೊಸ ಉಪಾಯ ಏನಲ್ಲ. ಜನಕ್ಕೆ ಗೊತ್ತಿರೋ ಧಾಟಿಗೆ ಹೊಸ ಮಾತು ಹಾಕೋದು ಲಾವಣಿಕಾರರೂ, ಗೀಗೀ ಪದದವರೂ ಮಾಡುತ್ತಾ ಬಂದಿದ್ದಾರೆ. ಎಪ್ಪತ್ತು ಎಂಬತ್ತರ ದಶಕದ ದಲಿತ ಚಳವಳಿಯ ಜಾಥಾಗಳಲ್ಲಿ ತಮಟೆ ಹಿಡಿದು ಹಾಡಿದವರಿಗೂ ಗೊತ್ತಿತ್ತು, ಸಭೆಯಲ್ಲಿ ಕೂತವರು ಎರಡನೇ ಸಲಕ್ಕೇ ಪಲ್ಲವಿ ಎತ್ತಿಕೊಳ್ಳಬೇಕು ಅಂತ. ರ‍್ಯಾಪಿನಲ್ಲಿ ಜಾಸ್ತಿ ಸಿಗೋದು ಇನ್ನೊಂದು: ಮಾತಿಗೆ ಜಾಗ. ಹಾಡಿನ ಚರಣದಲ್ಲಿ ಆರು ಮಾತು ಹಿಡಿದರೆ ರ‍್ಯಾಪಿನ ವರ್ಸ್‌ನಲ್ಲಿ ಇಪ್ಪತ್ತು ಹಿಡಿಯುತ್ತೆ. ಕಾರ್ಖಾನೆ, ಪಾದರಸ, ಕಸ ಎಸೆದ ಜಾಗ, ಕಾರ್ಮಿಕರ ಕಾಯಿಲೆ, ಕಂಪನಿಯ ಹೆಸರು ಎಲ್ಲಾ ಒಂದೇ ಉಸಿರಿಗೆ ಸೇರಿಸಬಹುದು. ಅಂದರೆ ಒಂದು ಕರಪತ್ರದಲ್ಲಿ ಇರೋದೆಲ್ಲ ಹಿಡಿಸಬಹುದು, ಆದರೂ ಕೇಳುವವರ ಕಾಲು ತಾಳ ಹಾಕುತ್ತಾ ಇರುತ್ತೆ.

ಭಾಷೆ ಇಂಗ್ಲಿಷ್. ಇದರ ಬಗ್ಗೆ ಆಕ್ಷೇಪ ಮಾಡಬಹುದು. ತೊಂದರೆ ಆಗಿರೋದು ತಮಿಳು ಮಾತಾಡುವ ಕೂಲಿ ಜನಕ್ಕೆ, ಹಾಡು ಅವರಿಗೇ ಅರ್ಥವಾಗದ ಭಾಷೆಯಲ್ಲಿ, ಇದೆಂಥ ನ್ಯಾಯ ಅಂತ. ಆದರೆ ಆ ಹಾಡು ಕಾರ್ಮಿಕರಿಗೆ ಹೇಳೋದಕ್ಕೆ ಬರೆದದ್ದಲ್ಲ. ಅವರಿಗೆ ತಮ್ಮ ಕಷ್ಟ ಗೊತ್ತೇ ಇದೆ. ಲಂಡನ್‌ನಲ್ಲಿ ಕೂತ ಕಂಪನಿಯ ದೊಡ್ಡವರಿಗೆ, ಅವರ ಷೇರು ಇಟ್ಟುಕೊಂಡವರಿಗೆ, ಅವರ ಶಾಂಪೂ ಕೊಳ್ಳುವವರಿಗೆ ಕೇಳಿಸಬೇಕಿತ್ತು. ಅವರ ಕಿವಿಗೆ ಬೀಳೋ ಭಾಷೆ ಅದು. ಈ ಲೆಕ್ಕಾಚಾರವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸಂಗೀತ ಒಂದು ಕಡೆಯಾದರೆ ಸಂಘಟನೆ ಇನ್ನೊಂದು ಕಡೆ. ವಿಡಿಯೊ ಹಿಂದೆ ಎರಡು ಗುಂಪು ಇದ್ದವು. ಚೆನ್ನೈನ ವೆಟ್ಟಿವೇರ್ ಕಲೆಕ್ಟಿವ್, ಅದರಲ್ಲಿ ಈ ವಿಷಯವನ್ನು ವರ್ಷಗಟ್ಟಲೆ ಬೆನ್ನು ಹತ್ತಿದ್ದ ನಿತ್ಯಾನಂದ ಜಯರಾಮನ್. ಇನ್ನೊಂದು ನಮ್ಮ ಬೆಂಗಳೂರಿನಿಂದ ಕೆಲಸ ಮಾಡುತ್ತಿದ್ದ ಝಟ್ಕಾ ಅನ್ನುವ ಅಭಿಯಾನ ಸಂಸ್ಥೆ. ಹಾಡು ಕೇಳಿ ಮುಗಿಸಿದವರಿಗೆ ಕೂಡಲೇ ಮಾಡೋಕೆ ಒಂದು ಕೆಲಸ ಕೊಟ್ಟಿದ್ದರು: ಸಹಿ ಹಾಕಿ. ಒಂದು ಲಕ್ಷಕ್ಕೂ ಜಾಸ್ತಿ ಜನ ಹಾಕಿದರು. ಬಹಳಷ್ಟು ಒಳ್ಳೆ ಹಾಡುಗಳು ಸೋಲೋದು ಇಲ್ಲೇ. ಕೇಳಿದವನ ರಕ್ತ ಕುದಿಯುತ್ತೆ, ಆದರೆ ಕುದಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಹೇಳುವವರಿಲ್ಲ, ಹತ್ತು ನಿಮಿಷದಲ್ಲಿ ಆರಿಹೋಗುತ್ತೆ.

ಏಳು ತಿಂಗಳು

ವಿಡಿಯೊ ಬಂದ ಒಂದೆರಡು ದಿನಕ್ಕೇ ನಿಕಿ ಮಿನಾಜ್ ಅದನ್ನು ಟ್ವಿಟರ್‌ನಲ್ಲಿ ಹಂಚಿಕೊಂಡರು. ಅಲ್ಲಿಂದ ಅದರ ಓಟವೇ ಬೇರೆ. ನೋಡಿದವರ ಲೆಕ್ಕ 30 ಲಕ್ಷ ದಾಟಿತು. ಹದಿನಾಲ್ಕು ವರ್ಷ ತಿರುಗಿ ನೋಡದ ಪತ್ರಿಕೆ, ಚಾನೆಲ್ಲುಗಳು ಕೊಡೈಕನಾಲ್‌ಗೆ ಬಂದವು. ಹೊರದೇಶದ ಪತ್ರಿಕೆಗಳೂ ಬರೆದವು. ಯೂನಿಲೀವರ್‌ನ ಆಗಿನ ಮುಖ್ಯಸ್ಥ ಪಾಲ್ ಪೋಲ್‌ಮನ್ ಟ್ವಿಟರ್‌ನಲ್ಲೇ ಉತ್ತರ ಕೊಟ್ಟರು. ವರ್ಷಗಳಿಂದ ಪರಿಹಾರಕ್ಕೆ ಕೆಲಸ ಮಾಡುತ್ತಿದ್ದೇವೆ, ಬೇಕಿರೋದು ವಾಸ್ತವ, ಸುಳ್ಳು ಭಾವನೆಗಳಲ್ಲ ಅನ್ನುವ ಅರ್ಥದಲ್ಲಿ.

ಆ ಉತ್ತರವೇ ಹಾಡಿನ ಗೆಲುವು ಅಂತ ನನ್ನ ಅಭಿಪ್ರಾಯ. ಯಾಕೆಂದರೆ 2010ರಿಂದ ಯೂನಿಲೀವರ್ ತನ್ನನ್ನು ಪರಿಸರ ಕಾಪಾಡುವ ಕಂಪನಿ ಅಂತ ಜಗತ್ತಿಗೆಲ್ಲ ಹೇಳಿಕೊಂಡು ಬರುತ್ತಿತ್ತು. ಅದಕ್ಕೇ ದೊಡ್ಡ ಯೋಜನೆ ಮಾಡಿತ್ತು, ಪೋಲ್‌ಮನ್ ಆ ಮಾತಿನ ಮುಖವಾಗಿದ್ದರು. ತನ್ನ ಹೆಸರಿನ ಬಗ್ಗೆ ಅಷ್ಟು ಬಂಡವಾಳ ಹಾಕಿದ ಕಂಪನಿಗೆ ಹೆಸರಿನ ಮೇಲೆ ಬಿದ್ದ ಪೆಟ್ಟು ತಾಗುತ್ತೆ. ಜನರಿಗೆ ಹೆಸರೇ ಗೊತ್ತಿಲ್ಲದ, ಇನ್ನೊಂದು ಕಂಪನಿಗೆ ಕಚ್ಚಾ ಮಾಲು ಮಾರುವ ಒಂದು ಕಾರ್ಖಾನೆ ಇದೇ ಕೆಲಸ ಮಾಡಿದ್ದಿದ್ದರೆ, ಇದೇ ಹಾಡು, ಇದೇ 30 ಲಕ್ಷ ಜನ, ಆದರೂ ಅದಕ್ಕೆ ಏನೂ ಅನ್ನಿಸುತ್ತಿರಲಿಲ್ಲ.

2016ರ ಮಾರ್ಚ್‌ನ ಒಪ್ಪಂದದ ಮಾತುಗಳನ್ನು ಗಮನವಿಟ್ಟು ಓದಬೇಕು. 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳಿಗೆ ಕಂಪನಿ ಮಾನವೀಯ ನೆಲೆಯಲ್ಲಿ ಹಣ ಕೊಡುತ್ತೆ. ತಪ್ಪು ಮಾಡಿದ್ದೇವೆ ಅಂತ ಅದು ಹೇಳಲಿಲ್ಲ, ಆರೋಗ್ಯದ ಹಾನಿಯ ಆರೋಪವನ್ನು ಒಪ್ಪಲಿಲ್ಲ. ಎಷ್ಟು ಹಣ ಅಂತ ಬಹಿರಂಗ ಮಾಡಲಿಲ್ಲ. ಹತ್ತು ವರ್ಷದ ಕೋರ್ಟ್ ಕೇಸು ಹೀಗೆ ಮುಗಿಯಿತು. ಕಾರ್ಮಿಕರು ಒಪ್ಪಿಕೊಂಡರು, ಖುಷಿಪಟ್ಟರು. ಹದಿನೈದು ವರ್ಷ ಆಸ್ಪತ್ರೆ, ಕೋರ್ಟು ಅಂತ ಅಲೆದವರ ಕೈಗೆ ಅವರು ಬದುಕಿರುವಾಗಲೇ ಹಣ ಬರೋದು ಸಣ್ಣ ವಿಷಯವಲ್ಲ. ತಪ್ಪೊಪ್ಪಿಗೆ ಬರಲಿಲ್ಲ ಅಂತ ದೂರದಲ್ಲಿ ಕೂತು ಮೂಗು ಮುರಿಯೋ ಹಕ್ಕು ನಮಗಿಲ್ಲ.

ಹಾಗಾದರೆ ಇದರಲ್ಲಿ ಹಾಡಿನ ಪಾಲು ಎಷ್ಟು? ಕೋರ್ಟಿನಲ್ಲಿ ಕೇಸು ಇರದಿದ್ದರೆ ಒಪ್ಪಂದ ಮಾಡಿಕೊಳ್ಳೋಕೆ ಆ ಕಡೆ ಯಾರೂ ಇರುತ್ತಿರಲಿಲ್ಲ. ಹೆಸರು, ವಿಳಾಸ, ಆಸ್ಪತ್ರೆ ಚೀಟಿ ಜೋಡಿಸಿಟ್ಟುಕೊಂಡು ಒಗ್ಗಟ್ಟಾಗಿ ಕೂತ ಸಂಘ ಇರದಿದ್ದರೆ 591 ಅನ್ನುವ ಲೆಕ್ಕವೇ ಇರುತ್ತಿರಲಿಲ್ಲ. 2011ರ ವರದಿ ಇರದಿದ್ದರೆ ಹಾಡಿನ ಮಾತಿಗೆ ಆಧಾರ ಕಡಿಮೆ ಆಗುತ್ತಿತ್ತು. ಇದೆಲ್ಲ ಸಿದ್ಧವಾಗಿತ್ತು, ಆದರೆ ವರ್ಷಗಟ್ಟಲೆ ಕದಲದೆ ನಿಂತಿತ್ತು. ಕೇಸನ್ನು ಇನ್ನೂ ಹತ್ತು ವರ್ಷ ಎಳೆಯೋದು ಕಂಪನಿಗೆ ಅಗ್ಗವಾಗಿತ್ತು. ಹಾಡು ಬಂದ ಮೇಲೆ ಎಳೆಯೋದೇ ದುಬಾರಿ ಆಯಿತು. ಇಷ್ಟು ಮಾಡಿದ್ದು ಹಾಡು, ಮತ್ತು ಇಷ್ಟನ್ನು ಬೇರೆ ಯಾವುದೂ ಆವರೆಗೆ ಮಾಡಿರಲಿಲ್ಲ. ಸುದ್ದಿಯಲ್ಲಿ ಮಾತ್ರ ಎಲ್ಲಾ ಹೆಸರು ಗಾಯಕಿಗೆ ಹೋಯಿತು, ಗೇಟಿನ ಮುಂದೆ ವರ್ಷಗಟ್ಟಲೆ ಕೂತವರಿಗೆ ಒಂದೆರಡು ಸಾಲು. ನನಗೆ ಅದು ಬೇಜಾರಿನ ವಿಷಯ.

ಮಣ್ಣಿನ ಲೆಕ್ಕ

ಈಗ ಹಾಡಿನ ಕೈ ಸಾಗದ ಭಾಗ. ಕಾರ್ಖಾನೆ ಅಂಗಳದ ಮಣ್ಣಿನಲ್ಲಿ ಪಾದರಸ ಇದೆ, ಅದನ್ನು ತೆಗೆಯಬೇಕು ಅನ್ನೋದರ ಬಗ್ಗೆ ಜಗಳ ಇಲ್ಲ. ಎಷ್ಟು ತೆಗೆಯಬೇಕು ಅನ್ನೋದೇ ಜಗಳ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಲೆಕ್ಕದ ಪ್ರಕಾರ, ಸ್ವಚ್ಛ ಮಾಡಿದ ಮೇಲೆ ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂವರೆಗೆ ಪಾದರಸ ಉಳಿಯಬಹುದು. ಇದೇ ಕಂಪನಿ ಬ್ರಿಟನ್ನಿನಲ್ಲಿ, ಕಾಡಿನ ಪಕ್ಕದ ಇಂಥದ್ದೇ ಜಾಗವನ್ನು ಇಷ್ಟು ಪಾದರಸ ಉಳಿಸಿ ಬಿಟ್ಟು ಹೋಗೋಕೆ ಅಲ್ಲಿನ ಸರ್ಕಾರ ಬಿಡುತ್ತಿತ್ತಾ, ಇದು ಎರಡು ದೇಶಕ್ಕೆ ಎರಡು ನಿಯಮ ಅಲ್ವಾ ಅಂತ ಹೋರಾಟಗಾರರ ಪ್ರಶ್ನೆ. ಅದಕ್ಕಿಂತ ಬಿಗಿ ಮಾಡಿದರೆ ಇಳಿಜಾರಿನ ಮಣ್ಣು ಜಾಸ್ತಿ ಕೆರೆಯಬೇಕು, ಮರ ಕಡಿಯಬೇಕು, ಅದರಿಂದ ಹಾನಿಯೇ ಹೆಚ್ಚು ಅನ್ನೋದು ಕಂಪನಿಯ ಕಡೆಯ ಉತ್ತರ. ಎರಡೂ ವಾದ ಕೇಳಿದ ಮೇಲೆ ನನಗೆ ಮೊದಲನೆಯದೇ ಸರಿ ಅನ್ನಿಸುತ್ತೆ. ಮರದ ಕಾಳಜಿ ನಿಜವಾದದ್ದೇ ಇರಬಹುದು, ಆದರೆ ಪಾದರಸ ಉಳಿದ ಮಣ್ಣು ಮಳೆಗಾಲ ಮಳೆಗಾಲಕ್ಕೂ ಶೋಲಾ ಕಡೆಗೇ ಇಳಿಯುತ್ತೆ.

2018ರ ಜೂನ್‌ನಲ್ಲಿ ಎರಡನೇ ವಿಡಿಯೊ ಬಂತು. ಸೋಫಿಯಾ ಜೊತೆ ಕರ್ನಾಟಕ ಸಂಗೀತದ ಟಿ. ಎಂ. ಕೃಷ್ಣ ಮತ್ತು ಅಮೃತ್ ರಾವ್. ಈ ಸಲ ತಮಿಳು, ರ‍್ಯಾಪ್ ಜೊತೆ ಶಾಸ್ತ್ರೀಯ ಹಾಡುಗಾರಿಕೆ. ಹಿಂದಿನ ವರ್ಷವೇ ಕೃಷ್ಣ ಇದೇ ನಿರ್ದೇಶಕರ ಜೊತೆ ಚೆನ್ನೈನ ಎಣ್ಣೂರು ಅಳಿವೆಯ ಬಗ್ಗೆ ಹಾಡಿದ್ದರು. ಸಂಗೀತವಾಗಿ ನೋಡಿದರೆ ಈ ಎರಡನೇದೇ ನನಗೆ ಹೆಚ್ಚು ಹಿಡಿಸಿತು. ಅದು ಆ ನೆಲದ ಭಾಷೆಯಲ್ಲಿದೆ, ಅದರಲ್ಲಿ ನೋವು ಇದೆ. ಆದರೆ ಅದು ಮೊದಲನೇದರ ಹಾಗೆ ಹರಡಲಿಲ್ಲ, 20 ಅನ್ನುವ ಲೆಕ್ಕವೂ ಬದಲಾಗಲಿಲ್ಲ. ಮಣ್ಣು ತೊಳೆಯುವ ಕೆಲಸ ಅದೇ ಲೆಕ್ಕದ ಮೇಲೆ ನಡೆಯಿತು.

ಕಾರಣ ಹಾಡಿನಲ್ಲಿ ಇಲ್ಲ. ಕಾರ್ಮಿಕರಿಗೆ ಹಣ ಕೊಡೋದು ಕಂಪನಿಯೇ ತೀರ್ಮಾನ ಮಾಡಬಹುದಾದ ವಿಷಯ, ಕಂಪನಿಗೆ ಹೆಸರಿನ ಭಯ ಇತ್ತು. ಮಣ್ಣಿನ ಲೆಕ್ಕದ ಮೇಲೆ ಸಹಿ ಮಾಡೋದು ಮಂಡಳಿ. ಮಂಡಳಿ ಶಾಂಪೂ ಮಾರೋದಿಲ್ಲ. ಅಲ್ಲಿ ಬೇಕಾಗಿರೋದು ಮಣ್ಣಿನ ತಜ್ಞರ ವರದಿ, ಹಸಿರು ನ್ಯಾಯಾಧಿಕರಣದಲ್ಲಿ ವಾದ, ಕಡತದ ಹಿಂದೆ ಓಡಾಡುವ ಜನ. ಮಿಲಿಗ್ರಾಂ ವ್ಯತ್ಯಾಸಕ್ಕೆ 30 ಲಕ್ಷ ಜನರ ಸಿಟ್ಟು ಬರಿಸೋದು ಬಹಳ ಕಷ್ಟ. ಕಾಯಿಲೆ ಬಿದ್ದ ಮನುಷ್ಯನ ಮುಖ ಕಣ್ಣಿಗೆ ಕಾಣುತ್ತೆ, ಮಣ್ಣಿನಲ್ಲಿ ಉಳಿದದ್ದು 20 ಮಿಲಿಗ್ರಾಮೋ ಅದಕ್ಕಿಂತ ಕಡಿಮೆಯೋ ಅನ್ನೋದು ಕಾಣಲ್ಲ.

ನಮ್ಮ ಕಡೆಗೆ ಬಂದರೆ, ಕನ್ನಡದಲ್ಲಿ ರ‍್ಯಾಪ್ ಈಗ ಚೆನ್ನಾಗಿ ಬೇರುಬಿಟ್ಟಿದೆ, ಊರಿನ ಸಮಸ್ಯೆ ಬಗ್ಗೆ ಬರೆಯುವವರೂ ಇದ್ದಾರೆ. ಬೆಳ್ಳಂದೂರು ಕೆರೆಯನ್ನೇ ತಗೊಳ್ಳಿ. ಸುಮಾರು 900 ಎಕರೆ ಕೆರೆ, ರಸ್ತೆ ಮೇಲೆ ಹಾರಿದ ನೊರೆ, 2018ರ ಜನವರಿಯಲ್ಲಿ ಬೆಂಕಿ ಹತ್ತಿ ಆರಿಸೋಕೆ ಸಾವಿರಾರು ಸೈನಿಕರು ಇಳಿದದ್ದು. ಹಾಡಿಗೆ ಇದಕ್ಕಿಂತ ಚಿತ್ರ ಬೇಕಾ? ಆದರೆ ಹುಕ್‌ನಲ್ಲಿ ಯಾರ ಹೆಸರು ಇಡ್ತೀರಿ? ಅಲ್ಲಿಗೆ ಬರೋದು ಅರ್ಧ ಊರಿನ ಒಳಚರಂಡಿ ನೀರು. ಜಲಮಂಡಳಿ, ಪಾಲಿಕೆ, ಬಿಡಿಎ, ಮಾಲಿನ್ಯ ಮಂಡಳಿ, ಶುದ್ಧೀಕರಣ ಘಟಕವನ್ನು ಸರಿಯಾಗಿ ನಡೆಸದ ಅಪಾರ್ಟ್‌ಮೆಂಟುಗಳು, ಎಲ್ಲರೂ ಇದ್ದಾರೆ. ಬೆಂಗಳೂರು ಹಾಳಾಯ್ತು ಅಂತ ಹಾಡಿದರೆ ಎಲ್ಲರೂ ತಲೆ ಆಡಿಸ್ತಾರೆ, ತಪ್ಪು ಮಾಡಿದವರೂ ಆಡಿಸ್ತಾರೆ. ಅದರ ಬದಲು ಕೆರೆಗೆ ಬಂದು ಬೀಳುವ ಒಂದು ರಾಜಕಾಲುವೆ ಹಿಡಿದು, ಅದಕ್ಕೆ ಚರಂಡಿ ಎಲ್ಲೆಲ್ಲಿ ಸೇರುತ್ತೆ ಅಂತ ನಡೆದು ನೋಡಿ, ಆ ಭಾಗದ ಶುದ್ಧೀಕರಣ ಘಟಕ ಯಾರ ಕೈಯಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಸಿಕ್ಕ ಉತ್ತರವನ್ನೇ ವರ್ಸ್‌ಗೆ ತನ್ನಿ. ಆ ಕೆರೆಗಾಗಿ ವರ್ಷಗಳಿಂದ ಓಡಾಡುತ್ತಿರುವ ಸುತ್ತಮುತ್ತಲಿನ ಜನ ಇದ್ದಾರೆ, ಅವರ ಹತ್ತಿರ ಫೋಟೊ, ಪತ್ರ, ಕೋರ್ಟಿನ ಆದೇಶ ಎಲ್ಲಾ ಇವೆ. ಬೀಟ್ ಹಾಕೋದಕ್ಕೆ ಮೊದಲು ಅವರ ಜೊತೆ ಕೂತು ಮಾತಾಡಿ, ಅವರಿಗೆ ಈ ತಿಂಗಳು ಯಾರಿಂದ ಏನು ಆಗಬೇಕಿದೆ ಅಂತ ಕೇಳಿಕೊಳ್ಳಿ.